ಉಗುರಿನ ಬಣ್ಣ, ಉಸಿರಿನ ಬೆಲೆ

ಬೆಂಗಳೂರಿನ ಯಾವುದೇ ದೊಡ್ಡ ಮಾಲ್‌ನ ಹವಾನಿಯಂತ್ರಿತ ಸಲೂನ್‌ಗೆ ಶನಿವಾರ ಸಂಜೆ ಕಾಲಿಟ್ಟರೆ ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ಪುಟ್ಟ ಮೇಜಿನ ಈಚೆ ಕೈ ಚಾಚಿ ಕುಳಿತ ಗ್ರಾಹಕಿ; ಆಚೆ ತಲೆ ಬಗ್ಗಿಸಿ ಆ ಕೈ ಹಿಡಿದು ಉಗುರು ತೀಡುತ್ತಿರುವ ಯುವತಿ. ಒಂದೂವರೆ ತಾಸು ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿರುತ್ತದೆ. ಆದರೂ ಎದ್ದು ಹೋಗುವಾಗ ಆ ಯುವತಿಯ ಮುಖ ಎಷ್ಟು ಮಂದಿಗೆ ನೆನಪಿರುತ್ತದೆ?

ಉಗುರಿನ ಆರೈಕೆ ನಮಗೆ ಹೊಸತಲ್ಲ. ಗೋರಂಟಿ ಸೊಪ್ಪು ಅರೆದು ಬೆರಳ ತುದಿಗೆ ಮೆತ್ತಿಕೊಂಡ ತಲೆಮಾರು ಇನ್ನೂ ನಮ್ಮ ಮನೆಗಳಲ್ಲಿದೆ. ಮದುವೆಯಲ್ಲಿ ಉಗುರು ತೆಗೆಯುವುದು ಕ್ಷೌರಿಕರು ನೆರವೇರಿಸುವ ಶಾಸ್ತ್ರವಾಗಿತ್ತು. ಸುಗ್ಗಿಯಲ್ಲಿ ಅವರಿಗೆ ಆಯದ ದವಸ ಸಲ್ಲುತ್ತಿತ್ತು. ಆ ವ್ಯವಸ್ಥೆಯ ಬೆನ್ನಿಗೆ ಜಾತಿಯ ಅವಮಾನವೂ ಇದ್ದುದರಿಂದ ಅದನ್ನು ವೈಭವೀಕರಿಸಬೇಕಿಲ್ಲ. ಕಾರ್ಪೊರೇಟ್ ಸರಣಿ ಸಲೂನ್‌ಗಳು ಈ ಕಸುಬಿಗೆ ಸಮವಸ್ತ್ರ, ತರಬೇತಿ, ತಿಂಗಳ ಸಂಬಳ ತಂದುಕೊಟ್ಟವು. ‘ನೇಲ್ ಟೆಕ್ನೀಷಿಯನ್’ ಎಂಬ ಗೌರವದ ಹೆಸರೂ ಬಂತು. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಹೆಸರಿನ ಜೊತೆ ‘ಟಾರ್ಗೆಟ್’ ಕೂಡ ಬಂತು. ದಿನಕ್ಕೆ ಇಷ್ಟು ಗ್ರಾಹಕರು, ತಿಂಗಳಿಗೆ ಇಷ್ಟು ವಹಿವಾಟು, ಜೊತೆಗೆ ಇಷ್ಟು ಕ್ರೀಮು, ಎಣ್ಣೆಗಳ ಮಾರಾಟ. ಗುರಿ ಮುಟ್ಟಿದರೆ ಪ್ರೋತ್ಸಾಹಧನ. ಮುಟ್ಟದಿದ್ದರೆ ಬರೀ ಮೂಲ ವೇತನ. ಊಟದ ಹೊತ್ತಿಗೆ ಬಂದ ಗ್ರಾಹಕಿಯನ್ನು ಕಾಯಿಸುವಂತಿಲ್ಲ. ಹೀಗೆ ಬಗ್ಗಿ ಕುಳಿತೇ ದಿನ ಕಳೆಯುವವರಿಗೆ ಕುತ್ತಿಗೆ, ಸೊಂಟದ ನೋವು ಸಂಬಳದಷ್ಟೇ ನಿಯತವಾಗಿ ಬರುತ್ತದೆ.

ಈ ಮೇಜುಗಳ ಹಿಂದೆ ಕುಳಿತವರಲ್ಲಿ ಈಶಾನ್ಯ ರಾಜ್ಯಗಳ ಯುವತಿಯರು ಬಹಳ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದಾಗಲಷ್ಟೇ, ನಗರ ಇವರನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ಅರಿವಾಯಿತು. 2020ರ ಲಾಕ್‌ಡೌನ್‌ನಲ್ಲಿ, ಇನ್ನೊಬ್ಬರನ್ನು ಮುಟ್ಟದೆ ಮಾಡಲಾಗದ ಈ ಕೆಲಸ ಮೊದಲಿಗೇ ನಿಂತುಹೋಯಿತು. ಊರು ದೂರ, ಬಾಡಿಗೆ ಕೋಣೆ, ಮನೆಗೆ ಕಳುಹಿಸಲೇಬೇಕಾದ ಹಣ. ಇಂಥವರು ಕೆಮ್ಮು ಬಂತೆಂದು, ಬೆರಳು ಉರಿಯುತ್ತದೆಂದು ಮ್ಯಾನೇಜರ್ ಮುಂದೆ ದೂರು ಒಯ್ದಾರೆಯೆ?

ಬೆರಳು ಉರಿಯಲು ಕಾರಣವಿದೆ. ಜೆಲ್ ಮತ್ತು ಅಕ್ರಿಲಿಕ್ ಉಗುರುಗಳಲ್ಲಿ ಬಳಕೆಯಾಗುವುದು ಮೆಥಾಕ್ರಿಲೇಟ್ ವರ್ಗದ ರಾಸಾಯನಿಕಗಳು. ಪೂರ್ತಿ ಗಟ್ಟಿಯಾದ ಮೇಲೆ ಇವುಗಳಿಂದ ಅಪಾಯ ಕಡಿಮೆ. ಹಸಿಯಿರುವಾಗ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಅಂಟಿದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಬಿಡುವುದಿಲ್ಲ. ಇದೇ ವರ್ಗದ ರಾಸಾಯನಿಕಗಳು ಹಲ್ಲಿನ ಕುಳಿ ತುಂಬಲು, ಮೂಳೆ ಶಸ್ತ್ರಚಿಕಿತ್ಸೆಯ ಸಿಮೆಂಟಿಗೆ ಬಳಕೆಯಾಗುವುದರಿಂದ ಮುಂದೆ ಚಿಕಿತ್ಸೆಗೂ ತೊಡಕಾಗಬಹುದು. ಸಾಧಾರಣ ಲೇಟೆಕ್ಸ್ ಕೈಗವಸನ್ನು ಇವು ನಿಮಿಷಗಳಲ್ಲೇ ದಾಟಿಬಿಡುತ್ತವೆ. ಅಸಿಟೋನ್ ಆವಿಯನ್ನು ಬಟ್ಟೆಯ ಮಾಸ್ಕ್ ತಡೆಯುವುದಿಲ್ಲ. ಗ್ರಾಹಕಿ ಈ ಘಾಟನ್ನು ಮೂರು ವಾರಕ್ಕೊಮ್ಮೆ ಸಹಿಸುತ್ತಾಳೆ. ಎದುರಿಗಿರುವವಳು ದಿನವಿಡೀ ಅದನ್ನೇ ಉಸಿರಾಡುತ್ತಾಳೆ.

ಹೊರಗಿನವರು ಎಚ್ಚೆತ್ತದ್ದುಂಟು. 2015ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅಲ್ಲಿನ ಉಗುರು ಸಲೂನ್‌ಗಳ ಶೋಷಣೆಯನ್ನು ಬಯಲಿಗೆಳೆದಾಗ, ಆ ರಾಜ್ಯದ ಸರ್ಕಾರ ಕೈಗವಸು, ಮಾಸ್ಕ್‌ಗಳನ್ನು ಕಡ್ಡಾಯಗೊಳಿಸಿತು. ಕಾರ್ಮಿಕರ ಹಕ್ಕುಗಳ ಫಲಕವನ್ನು ಸಲೂನ್‌ಗಳಲ್ಲೇ ತೂಗುಹಾಕಿಸಿತು. ಜೆಲ್ ಗಟ್ಟಿಯಾಗಿಸಲು ಬಳಸುವ ಟಿಪಿಒ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ.

ನಮ್ಮಲ್ಲಿ? ಅದೇ ತಿಂಗಳ 22ರಿಂದ ಸಲೂನ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಗ್ರಾಹಕರಿಗೆ ಸಂತೋಷದ ಸಂಗತಿಯೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯವೆಂದಿವೆ. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದೂ ಸರ್ಕಾರ ಹೇಳಿದೆ. ಆದರೆ ಉಗುರು ತೀಡುವ ಹುಡುಗಿಯರು ಬಹುತೇಕ ಇಪ್ಪತ್ತರ ಆಸುಪಾಸಿನವರು. ನಲವತ್ತರ ತನಕ ಆ ಮೇಜಿನ ಹಿಂದೆ ಉಳಿಯುವವರು ಎಷ್ಟು ಮಂದಿ? ಚರ್ಮ ಕೆರಳಿ ಕೆಲಸ ಬಿಟ್ಟವಳ ಲೆಕ್ಕ ಯಾವ ಕಡತದಲ್ಲೂ ಸೇರುವುದಿಲ್ಲ.

ಬೇಕಾಗಿರುವುದು ದೊಡ್ಡ ಕ್ರಾಂತಿಯೇನಲ್ಲ. ಮೇಜಿನ ಮಟ್ಟದಲ್ಲೇ ಆವಿ, ದೂಳನ್ನು ಹೀರಿ ಹೊರಹಾಕುವ ಸಾಧನ, ಆಗಾಗ್ಗೆ ಬದಲಿಸಲು ನೈಟ್ರೈಲ್ ಕೈಗವಸು, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹತ್ತು ನಿಮಿಷದ ಬಿಡುವು, ವಯಸ್ಸು ನೋಡದೆ ವಾರ್ಷಿಕ ತಪಾಸಣೆ. ಅಮೃತಶಿಲೆಯ ನೆಲ ಹಾಸಬಲ್ಲ ಸಂಸ್ಥೆಗಳಿಗೆ ಇದು ಹೊರೆಯಾಗದು. ಕಿಟಕಿಯಿಲ್ಲದ ಕೋಣೆಯಲ್ಲಿ ಕೈ ಚಾಚುವ ಮುನ್ನ, ಗಾಳಿ ಹೊರಹೋಗಲು ದಾರಿ ಎಲ್ಲಿದೆ ಎಂದು ನಾವೂ ಒಮ್ಮೆ ಕೇಳಬಹುದು. ಹಣ ಕೊಡುವವರ ಪ್ರಶ್ನೆಗೆ ಅಲ್ಲಿ ಉತ್ತರ ಬೇಗ ಸಿಗುತ್ತದೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತದೆ ನಮ್ಮ ಗಾದೆ. ಈ ಕೆಲಸ ಇನ್ನೂ ಉಗುರಿನಲ್ಲಿ ಹೋಗುವ ಹಂತದಲ್ಲೇ ಇದೆ.