ಕಿಟಕಿ ಬದಲಿಸುವ ಮುನ್ನ ಲೆಕ್ಕ ಹಾಕೋಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟವನ್ನೂ ಅರಿತವರೇ ಆಗಿದ್ದರು. ಮನೆಗೆ ವಯಸ್ಸಾದಾಗ ಮೊದಲು ಸೋಲುವುದು ಅದರ ಕಿಟಕಿಗಳು. ಬಿಸಿಲು, ಮಳೆ, ಧೂಳು, ಗೆದ್ದಲು ಎಲ್ಲವನ್ನೂ ಎದುರಿಸಿ ನಿಲ್ಲುವವು ಅವೇ ಅಲ್ಲವೇ?

ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿರುವ ನಮ್ಮ ಮನೆಗೆ ಒಂಬತ್ತು ಕಿಟಕಿಗಳು. ಹಿಂದೆ 4ನೆಯ ಸಂಖ್ಯೆಯದಾಗಿದ್ದು ಈಗ 48 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಊರಿಗೆ ತಾಗಿಯೇ ಹಾದುಹೋಗುವುದರಿಂದ ಧೂಳಿಗೂ ಸದ್ದಿಗೂ ಕೊರತೆಯಿಲ್ಲ. ಒಂದು ಇರುಳಿನ ಮಳೆಯಲ್ಲಿ ಪಡುವಣ ದಿಕ್ಕಿನ ಕಿಟಕಿಯಿಂದ ನೀರು ನುಗ್ಗಿ, ಗೋಡೆಗೆ ಒರಗಿಸಿದ್ದ ಶೇಂಗಾ ಚೀಲಗಳು ತೊಯ್ದುಹೋದವು. ಬೆಳಗ್ಗೆ ನೋಡಿದರೆ ಚೌಕಟ್ಟಿನ ಒಳಗೆಲ್ಲ ಗೆದ್ದಲು. ಹೊರಗೆ ಉಳಿದದ್ದು ಬಣ್ಣದ ಸಿಪ್ಪೆ ಮಾತ್ರ. ಒಡವೆ ಅಡವಿಟ್ಟಾದರೂ ಒಂಬತ್ತನ್ನೂ ಒಮ್ಮೆಗೇ ಬದಲಿಸಿಬಿಡೋಣವೆಂದು ಯಜಮಾನರು ನಿಶ್ಚಯಿಸಿದರು. ಆಗ ಮನೆಯ ಹಿರಿಯ ತಾಯಿಯವರು, “ಒಂದು ಹಲ್ಲು ನೋವೆಂದು ಎಲ್ಲ ಹಲ್ಲನ್ನೂ ಕೀಳಿಸುತ್ತಾರೆಯೇ? ಮೊದಲು ಒಂದೊಂದನ್ನೂ ನೋಡಿರಪ್ಪ” ಎಂದರು. ಮಗಳ ಕಾಲೇಜಿನ ಶುಲ್ಕವೂ ಅದೇ ವರ್ಷ ಕಟ್ಟಬೇಕಾಗಿತ್ತು. ತಾಯಿಯವರ ಆ ಮಾತೇ ನಮ್ಮನ್ನು ಸಾಲದಿಂದ ಉಳಿಸಿತು.

ಪರೀಕ್ಷೆ ಕಷ್ಟದ್ದೇನಲ್ಲ. ಚೌಕಟ್ಟಿನ ಕೆಳಮೂಲೆಗಳನ್ನು ತಿರುಪುಳಿಯ ಹಿಡಿಯಿಂದ ತಟ್ಟಬೇಕು. ಪೊಳ್ಳು ಸದ್ದು ಬಂದರೆ, ಇಲ್ಲವೇ ತುದಿಯನ್ನು ಒತ್ತಿದಾಗ ಮರದೊಳಕ್ಕೆ ಇಳಿದರೆ ಅದು ಮುಗಿಯಿತೆಂದೇ ತಿಳಿಯಬೇಕು. ಮರ ಗಟ್ಟಿಯಾಗಿದ್ದು ಕದ ಮಾತ್ರ ಜೋತಿದ್ದರೆ ಕೀಲು ಬದಲಿಸಿದರೆ ಸಾಕು. ಗಾಜು ಅಲುಗಿದರೆ ಲಪ್ಪ ಹಚ್ಚಿದರೆ ಸಾಕು. ಹೀಗೆ ನೋಡಲಾಗಿ, ನಮ್ಮಲ್ಲಿ ನಿಜಕ್ಕೂ ಕೆಟ್ಟಿದ್ದವು ನಾಲ್ಕೇ. ಉಳಿದ ಐದನ್ನು ಊರಿನ ಬಡಗಿಯವರೇ ಸರಿಪಡಿಸಿಕೊಟ್ಟರು.

ಇನ್ನು ಯಾವ ಕಿಟಕಿ? ತೇಗ, ಹೊನ್ನೆಗಳ ಅಂದಕ್ಕೆ ಸಾಟಿಯಿಲ್ಲ. ಆದರೆ ಬೆಲೆ ಹೆಚ್ಚು, ಗೋಡೆಯ ಗೆದ್ದಲಿಗೆ ಮೊದಲೇ ಔಷಧಿ ಹಾಕಿಸದಿದ್ದರೆ ಹೊಸ ಮರಕ್ಕೂ ಅಪಾಯ. ಅಲ್ಯೂಮಿನಿಯಂ ಮತ್ತು ಯುಪಿವಿಸಿ ಕಿಟಕಿಗಳನ್ನು ಗೆದ್ದಲು ತಿನ್ನದು. ಯುಪಿವಿಸಿ ಕೊಳ್ಳುವಾಗ ಒಳಗೆ ಉಕ್ಕಿನ ಪಟ್ಟಿಯಿದೆಯೇ, ಕೆಳಗಿನ ಹಳಿಯಲ್ಲಿ ನೀರು ಹೊರಹೋಗುವ ರಂಧ್ರಗಳಿವೆಯೇ ಎಂದು ಕೇಳಬೇಕು. ಜಾರುವ ಎರಡು ಕದದ ಕಿಟಕಿ ಅರ್ಧದಷ್ಟೇ ತೆರೆದುಕೊಳ್ಳುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಒಣ ಬಿಸಿಲಿನ ಸೀಮೆಯಲ್ಲಿ ಕಿಟಕಿಯ ವಿಸ್ತಾರ ನೆಲದ ಹತ್ತನೆಯ ಒಂದು ಭಾಗಕ್ಕೆ ಕಡಿಮೆಯಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಗೆ 12 ಚದರ ಅಡಿ, ಅಂದರೆ 3 ಅಡಿಗೆ 4 ಅಡಿಯ ಕಿಟಕಿ. ಆಷಾಢದ ಗಾಳಿ ಪಡುವಣದಿಂದ ಬೀಸುವ ನಮ್ಮ ಕಡೆ ಆ ದಿಕ್ಕಿನ ಕಿಟಕಿಗೆ ಸಜ್ಜಾ ಇರುವುದೂ ಅವಶ್ಯ.

ಈಗ ಹಣದ ಮಾತು. ದರ ಊರಿಂದ ಊರಿಗೆ ಬೇರೆ. ಆದರೆ ಲೆಕ್ಕದ ಕ್ರಮ ಒಂದೇ. ಚದರ ಅಡಿಗೆ 700 ರೂಪಾಯಿ ಎಂದಿಟ್ಟುಕೊಳ್ಳೋಣ. 4 ಅಡಿಗೆ 4 ಅಡಿಯ ನಾಲ್ಕು ಕಿಟಕಿಗಳಿಗೆ 64 ಚದರ ಅಡಿ. ಅಲ್ಲಿಗೆ 44,800 ರೂ. ಶೇಕಡಾ 18ರ ತೆರಿಗೆ 8,064 ರೂ. ಹಳೆಯ ಚೌಕಟ್ಟು ಕಿತ್ತು ಗಾರೆ ಹಚ್ಚಲು ಕಿಟಕಿಗೆ 1,500ರಂತೆ 6,000 ರೂ. ಒಟ್ಟು 58,864 ರೂ. ಗೋಡೆ ಒಡೆದಾಗ ಏನೇನು ಹೊರಬರುವುದೋ ಹೇಳಲಾಗದು; ಆದ್ದರಿಂದ ಹತ್ತನೆಯ ಒಂದು ಭಾಗವನ್ನು ಬೇರೆಯಾಗಿ ತೆಗೆದಿಟ್ಟರೆ ಸುಮಾರು 64,750 ರೂ. ಇದೇ ಲೆಕ್ಕದಲ್ಲಿ ಒಂಬತ್ತು ಕಿಟಕಿಗಳಿಗೆ 1,45,000 ರೂಪಾಯಿ ಮೀರುತ್ತಿತ್ತು! ಸರಳು, ಸೊಳ್ಳೆಪರದೆ, ತೆರಿಗೆ, ಸಾಗಣೆ ದರದಲ್ಲಿ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಮೂರು ಕಡೆ ವಿಚಾರಿಸದೆ ಒಪ್ಪಬಾರದು.

ಮುಂಗಡ ಮೂರನೆಯ ಒಂದು ಭಾಗಕ್ಕೆ ಮೀರದಿರಲಿ. ನಾವು ಪೂರ್ತಿ ಹಣ ಮೊದಲೇ ಕೊಟ್ಟುಬಿಟ್ಟೆವು. ಒಂದು ಕಿಟಕಿ ಅಳತೆಗೆ ಕೂಡದೆ ಬಂದಾಗ, ಅದನ್ನು ಸರಿಪಡಿಸಿಕೊಳ್ಳಲು ಹಲವು ವಾರ ಅಲೆಯಬೇಕಾಯಿತು. ಹೊರಗಿನಿಂದ ಬಿಂದಿಗೆಗಟ್ಟಲೆ ನೀರು ಎರಚಿ, ಒಳಗೆ ಹನಿಯೂ ಬಾರದೆಂದು ಕಂಡ ಮೇಲೆಯೇ ಬಾಕಿ ಕೊಡುವುದು ಲೇಸು.

ಕಾಲವನ್ನೂ ನೋಡಬೇಕು. ಶೇಂಗಾ ಮಾರಿದ ಹಣ ಕೈಗೆ ಬಂದು, ಹಿಂಗಾರು ಮಳೆ ಹಿಂದೆ ಸರಿದ ಕಾರ್ತಿಕದಿಂದ ಶಿವರಾತ್ರಿಯವರೆಗಿನ ದಿನಗಳು ಈ ಕೆಲಸಕ್ಕೆ ಪ್ರಶಸ್ತ. ಒಮ್ಮೆಗೆ ಆಗದಿದ್ದರೆ ಈ ವರ್ಷ ಎರಡು, ಮುಂದಿನ ವರ್ಷ ಎರಡು, ಅದರಲ್ಲಿ ನಾಚಿಕೆಯೇನಿಲ್ಲ.

ನಮ್ಮ ಒಡವೆ ಪೆಟ್ಟಿಗೆಯಲ್ಲೇ ಉಳಿಯಿತು. ಮಗಳ ಶುಲ್ಕವೂ ಸಕಾಲಕ್ಕೆ ಸಂದಿತು. ತಾಯಿಯವರು ಈಗ ಬೆಳಗಿನ ಇಷ್ಟಲಿಂಗ ಪೂಜೆಗೆ ಕೂರುವುದು ಹೊಸ ಕಿಟಕಿಯ ಬಳಿಯಲ್ಲಲ್ಲ, ಬಡಗಿಯವರು ಕೀಲು ಹಾಕಿ ಉಳಿಸಿಕೊಟ್ಟ ಮೂಡಣದ ಹಳೆಯ ಕಿಟಕಿಯ ಬಳಿಯಲ್ಲೇ. ಎಳೆಬಿಸಿಲು ಅಲ್ಲಿಂದಲೇ ಬರುತ್ತದೆ.