ಬೆಂಚಿನ ಮೇಲಿನ ಹೆಸರು: ಸಿಎಸ್‌ಆರ್ ಅಂದ್ರೆ ಏನು, ಏನಲ್ಲ

ಮೂರನೇ ಸೆಮಿಸ್ಟರ್‌ನಲ್ಲಿ ನಮಗೆಲ್ಲ 'ಸೋಷಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ' ಅನ್ನೋ ವಿಟಿಯು ಸಬ್ಜೆಕ್ಟ್ ಇತ್ತಲ್ಲ, ಗಿಡ ನೆಟ್ಟು ರಿಪೋರ್ಟ್ ಬರೆಯೋದು? ನಮ್ಮ ಟೀಮ್ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಗೆ ಹೋಗಿ ಆರು ಬೇವಿನ ಸಸಿ ನೆಟ್ಟು ಬಂತು. ಫೋಟೋ ತೆಗೆದ್ವಿ, ರಿಪೋರ್ಟ್ ಬೈಂಡ್ ಮಾಡಿಸಿದ್ವಿ, ಮಾರ್ಕ್ಸೂ ಚೆನ್ನಾಗೇ ಬಂತು.

ಆ ಶಾಲೆಯ ಒಂದು ಕ್ಲಾಸಿನಲ್ಲಿ ಹೊಸ ಬೆಂಚುಗಳಿದ್ದವು. ಪ್ರತಿ ಬೆಂಚಿನ ಹಿಂದೆ ಒಂದು ಕಂಪನಿಯ ಹೆಸರು, ಆ ಹೆಸರಿನ ಮೇಲೆ ತೆಳ್ಳಗೆ ಕರಿ ಧೂಳು. ನಾವು ಬೆಂಚು ನೋಡ್ತಿದ್ದದ್ದನ್ನ ಕಂಡು ಹೆಡ್ ಮಾಸ್ತರು ಹೇಳಿದರು: "ಬೆಂಚ್ ಚಲೋ ಅದಾವ್ರಪಾ. ದಿನಾ ಮುಂಜಾನೆ ಒರಸಬೇಕು, ಅಷ್ಟ." ಅವರು ದೂರು ಹೇಳ್ತಿರಲಿಲ್ಲ, ಸುಮ್ನೆ ಹೇಳಿದ್ದು. ಸುತ್ತಮುತ್ತ ಕಾರ್ಖಾನೆ ಒಂದೆರಡಲ್ಲ. ಧೂಳಿನ ಮೇಲೆ ಯಾರ ಹೆಸರೂ ಬರೆದಿರೋದಿಲ್ಲ, ಬೆಂಚಿನ ಮೇಲೆ ಮಾತ್ರ ಬರೆದಿರುತ್ತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಜಗಳ ಶುರುವಾಯ್ತು. "ಬೆಂಚು ಕೊಟ್ಟಿದಾರಲ್ಲ, ಇನ್ನೇನು ಬೇಕು?" ಅಂತ ಒಬ್ಬ. "ಧೂಳು ಕೊಟ್ಟು ಬೆಂಚು ಕೊಟ್ರೆ ಲೆಕ್ಕ ಸರಿಹೋಯ್ತಾ?" ಅಂತ ಇನ್ನೊಬ್ಬಳು. ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಓದಿದ್ವಿ. ಓದಿದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲನೇದು, ಭಾರತದಲ್ಲಿ ಸಿಎಸ್‌ಆರ್ ದಾನ ಅಲ್ಲ, ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ್ದರೆ (ಮೂರರಲ್ಲಿ ಒಂದಿದ್ದರೂ ಸಾಕು) ಅದು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಮೂರು ವರ್ಷ 100, 200, 300 ಕೋಟಿ ಲಾಭ ಬಂತು ಅಂದ್ಕೊಳ್ಳಿ: ಸರಾಸರಿ 200 ಕೋಟಿ, ಅದರ ಶೇ. 2 ಅಂದ್ರೆ 4 ಕೋಟಿ. ಮೊದಲು ಖರ್ಚು ಮಾಡದಿದ್ದರೆ 'ಯಾಕೆ ಮಾಡಲಿಲ್ಲ' ಅಂತ ವರದಿಯಲ್ಲಿ ಕಾರಣ ಬರೆದರೆ ನಡೀತಿತ್ತು. 2021ರಿಂದ ಅದು ನಡೆಯೋಲ್ಲ. ಉಳಿದ ದುಡ್ಡನ್ನ ಕಾಯ್ದೆ ಹೇಳಿದ ಖಾತೆಗೋ ನಿಧಿಗೋ ಹಾಕಬೇಕು, ಹಾಕದಿದ್ದರೆ ದಂಡ. ಇಂಥ ಕಾನೂನು ಜಗತ್ತಿನಲ್ಲಿ ಅಪರೂಪ. ನಮಗಿಂತ ಮೊದಲು, 2009ರಲ್ಲಿ, ಮಾರಿಷಸ್ ಇದೇ ಶೇ. 2ರ ನಿಯಮ ತಂದಿತ್ತು.

ಈಗ ಬಸ್ಸಿನ ಜಗಳಕ್ಕೆ ಬರೋಣ. ಈ ಲೆಕ್ಕದಲ್ಲಿ ಧೂಳು ಎಲ್ಲಿದೆ? ಎಲ್ಲೂ ಇಲ್ಲ. ಶೇ. 2 ಅನ್ನೋದು ಲಾಭದ ಮೇಲೆ, ಹೊಗೆಯ ಮೇಲಲ್ಲ. ಉಕ್ಕಿನ ಬೆಲೆ ಬಿದ್ದು ಮೂರು ವರ್ಷದ ಸರಾಸರಿ ನಷ್ಟಕ್ಕೆ ಇಳಿದರೆ ಸಿಎಸ್‌ಆರ್ ಸೊನ್ನೆ. ಆದರೆ ನಷ್ಟ ಅಂತ ಚಿಮಣಿಯಿಂದ ಹೊಗೆ ಕಮ್ಮಿ ಬರುತ್ತಾ? ಇನ್ನೊಂದು ವಿಷಯ ನಮಗೆ ನಿಜವಾಗಲೂ ಆಶ್ಚರ್ಯ ತಂದಿತು. ಬೇರೆ ಯಾವುದೇ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನ ಸಿಎಸ್‌ಆರ್ ಅಂತ ತೋರಿಸೋ ಹಾಗಿಲ್ಲ ಅಂತ 2021ರ ನಿಯಮದಲ್ಲೇ ಇದೆ. ಕಾರ್ಖಾನೆಯ ಹೊಗೆಯಿಂದ ಧೂಳು ಹಿಡಿಯೋ ಬ್ಯಾಗ್ ಫಿಲ್ಟರ್, ಇಎಸ್‌ಪಿ (ಸ್ಥಿರ ವಿದ್ಯುತ್ತಿನಿಂದ ಧೂಳಿನ ಕಣಗಳನ್ನ ಪ್ಲೇಟಿಗೆ ಎಳೆಯೋ ಯಂತ್ರ, ಮೊದಲ ವರ್ಷದ ಫಿಸಿಕ್ಸೇ), ಇವೆಲ್ಲ 1981ರ ವಾಯು ಕಾಯ್ದೆಗೆ ಸೇರಿದ್ದು. ನೋಡಿಕೊಳ್ಳಬೇಕಾದ್ದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅದರ ಖರ್ಚು ಉತ್ಪಾದನೆಯ ಖರ್ಚು, ಕರೆಂಟ್ ಬಿಲ್ ಇದ್ದ ಹಾಗೆ. ಅಂದ್ರೆ ಫಿಲ್ಟರ್ ಹಾಕಿ 'ನಮ್ಮ ಸಿಎಸ್‌ಆರ್ ನೋಡಿ' ಅನ್ನೋಕೆ ಆಗಲ್ಲ. ಬೆಂಚು ಕೊಟ್ಟು ಫಿಲ್ಟರ್ ಮರೆಯೋಕೂ ಆಗಬಾರದು. ಎರಡೂ ಬೇರೆ ಬೇರೆ ಖಾತೆ. ನಮ್ಮ ಊರುಗಳಲ್ಲಿ ಕಲಸುಮೇಲೋಗರ ಆಗಿರೋದು ಇಲ್ಲೇ.

ಕೊಪ್ಪಳದಿಂದ ಹೊಸಪೇಟೆ ಕಡೆ ಬಸ್ಸಿನಲ್ಲೋ ರೈಲಿನಲ್ಲೋ ಹೋದವರಿಗೆ ಗಿಣಿಗೇರಾ ಹತ್ತಿರ ಬಂದದ್ದು ಕಿಟಕಿಯಿಂದಲೇ ಗೊತ್ತಾಗುತ್ತೆ. ಆ ಕಡೆ ಬಳ್ಳಾರಿ-ಸಂಡೂರಿನ ಅದಿರು, ಈ ಕಡೆ ತುಂಗಭದ್ರೆಯ ನೀರು, ನಡುವೆ ರೈಲು. ಕಬ್ಬಿಣದ ಕಾರ್ಖಾನೆಗೆ ಇನ್ನೇನು ಬೇಕು? ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಇದೆ, ಗಿಣಿಗೇರಾದಲ್ಲಿ ಮುಕುಂದ್ ಮತ್ತು ಕಲ್ಯಾಣಿ ಸ್ಟೀಲ್ಸ್ ಸೇರಿ ಕಟ್ಟಿದ ಹೊಸಪೇಟೆ ಸ್ಟೀಲ್ಸ್ ಇದೆ, ಜತೆಗೆ ಸ್ಪಾಂಜ್ ಐರನ್ ಘಟಕಗಳು. ಕಿರ್ಲೋಸ್ಕರ್ ಮತ್ತು ಕಲ್ಯಾಣಿಯ ಮುಖ್ಯ ಕಚೇರಿ ಪುಣೆಯಲ್ಲಿ, ಮುಕುಂದ್‌ದು ಮುಂಬೈಯಲ್ಲಿ. ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ತೀರ್ಮಾನ ಆಗೋದು ಯಾವ ಕಂಪನಿಯಲ್ಲೇ ಆದರೂ ಅದರ ಬೋರ್ಡಿನಲ್ಲಿ. ಕಾರ್ಖಾನೆ ಇರೋ ಜಾಗಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯಲ್ಲೇನೋ ಇದೆ. ಆದರೆ ಅದು ದಾರಿ ತೋರಿಸೋ ಮಾತು, ಕಡ್ಡಾಯ ಅಲ್ಲ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟ ಮಾಡಿತು. ಕುಷ್ಟಗಿ, ಯಲಬುರ್ಗಾದಂಥ ಕಡೆ ಒಬ್ಬ ಹೆಡ್ ಮಾಸ್ತರು 'ಇದು ನಮ್ಮ ಹಕ್ಕು' ಅಂತ ಕೇಳೋ ಹಾಗಿಲ್ಲ, ಮನವಿ ಕೊಡಬಹುದು ಅಷ್ಟೇ. ನಮಗೆ ಇದು ಸರಿ ಅನ್ನಿಸಲಿಲ್ಲ.

2025ರ ಫೆಬ್ರವರಿಯಲ್ಲಿ ಆದದ್ದು ನಿಮಗೆಲ್ಲ ನೆನಪಿರಬೇಕು. ಬಲ್ದೋಟಾ ಸಮೂಹ ಕೊಪ್ಪಳಕ್ಕೆ ಹೊಂದಿಕೊಂಡೇ 54,000 ಕೋಟಿ ರೂಪಾಯಿಯ, ವರ್ಷಕ್ಕೆ 10.5 ದಶಲಕ್ಷ ಟನ್ನಿನ ಉಕ್ಕಿನ ಕಾರ್ಖಾನೆ ಘೋಷಿಸಿತು. ಫೆಬ್ರವರಿ 24ಕ್ಕೆ ಕೊಪ್ಪಳ ಬಂದ್. ಮುಂದೆ ನಿಂತವರು ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ, 2019ರಲ್ಲಿ ಹಿರೇಹಳ್ಳ ಸ್ವಚ್ಛ ಮಾಡೋಕೆ ಜನರ ಜತೆ ತಾವೇ ಹಳ್ಳಕ್ಕಿಳಿದಿದ್ದವರು. ಆವತ್ತು ಬೀದಿಗೆ ಬಂದವರು ಶಾಲೆ ಕೊಡಿ, ಆಸ್ಪತ್ರೆ ಕಟ್ಟಿಸಿ ಅಂತ ಕೇಳಲಿಲ್ಲ. ಊರ ಪಕ್ಕ ಕಾರ್ಖಾನೆ ಬೇಡ ಅಂದರು. ಎಷ್ಟು ಸಿಎಸ್‌ಆರ್ ಕೊಡ್ತೀರಿ ಅನ್ನೋದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಜಾಗ ಯಾವುದು, ಈಗಾಗಲೇ ಇರೋ ಹೊಗೆಯ ಮೇಲೆ ಇನ್ನೆಷ್ಟು ಸೇರುತ್ತೆ, ಇವು ಪರಿಸರ ಅನುಮತಿಯ ಪ್ರಶ್ನೆಗಳು. 2006ರ ಇಐಎ ಅಧಿಸೂಚನೆ, ಸಾರ್ವಜನಿಕ ಅಹವಾಲು, ಆ ಕಡೆಯ ದಾರಿ. ನಾವೂ ಪೂರ್ತಿ ಒಂದು ಕಡೆ ನಿಂತವರಲ್ಲ ಬಿಡಿ. ನಮ್ಮ ಮೆಕ್ಯಾನಿಕಲ್ ಹುಡುಗರಿಗೆ ಪ್ಲೇಸ್‌ಮೆಂಟ್ ಬೇಕು, ಮನೆಯಿಂದ ಓಡಾಡೋ ದೂರದಲ್ಲಿ ಕೆಲಸ ಸಿಕ್ಕರೆ ಅಪ್ಪ-ಅಮ್ಮ ಖುಷಿ ಪಡ್ತಾರೆ. ಆದರೆ ಅಹವಾಲು ಸಭೆಯಲ್ಲಿ ಗಾಳಿಯ ಬಗ್ಗೆ ಕೇಳಿದ್ದಕ್ಕೆ ಶಾಲಾ ಕೊಠಡಿಯ ಉತ್ತರ ಬಂದರೆ, ಅದು ಉತ್ತರ ಅಲ್ಲ ಅಂತ ಈಗ ನಮಗೆ ಗೊತ್ತು.

ಹಾಗಂತ ಬೆಂಚು ಬೇಡ ಅಂತಲ್ಲ. ನೆಲದ ಮೇಲೆ ಕೂತು ಬರೀತಿದ್ದ ಮಕ್ಕಳಿಗೆ ಅದು ದೊಡ್ಡದೇ. ನಮ್ಮ ತಕರಾರು ಇರೋದು ಬೆಂಚಿನ ಪಕ್ಕದ ನೀರಿನ ಯಂತ್ರದ ಬಗ್ಗೆ. ಅದೂ ಯಾರೋ ಕೊಟ್ಟದ್ದೇ, ಆರ್‌ಓ. ನಾವು ಹೋದಾಗ ನಿಂತಿತ್ತು. ಮೆಂಬ್ರೇನ್ ಹೋಗಿದೆ, ಬದಲಿಸೋಕೆ ಶಾಲೆಯ ಹತ್ತಿರ ದುಡ್ಡಿಲ್ಲ, ಕೊಟ್ಟವರ ಪ್ರಾಜೆಕ್ಟ್ ಮುಗಿದಿದೆ. ನಿಯಮದಲ್ಲಿ ಇದಕ್ಕೆ ದಾರಿ ಇಲ್ಲದಿಲ್ಲ. 'ಮುಂದುವರಿಯುವ ಯೋಜನೆ' ಅಂತ ಘೋಷಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಖರ್ಚು ಮಾಡಬಹುದು. ಆದರೆ ಕೆಲಸದಿಂದ ಏನಾದರೂ ಉಪಯೋಗ ಆಯ್ತಾ ಅಂತ ಹೊರಗಿನವರಿಂದ ಪರಿಶೀಲಿಸೋದು ಕಡ್ಡಾಯ ಇರೋದು ವರ್ಷಕ್ಕೆ ಸರಾಸರಿ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಹೊಣೆ ಇರೋ ಕಂಪನಿಗೆ, ಅದೂ ಒಂದು ಕೋಟಿ ಮೇಲಿನ ಪ್ರಾಜೆಕ್ಟಿಗೆ. ಒಂದು ಶಾಲೆಯ ಆರ್‌ಓ ಆ ಜರಡಿಯಲ್ಲಿ ಎಲ್ಲಿ ಸಿಗಬೇಕು? ಉದ್ಘಾಟನೆ ದಿನ ನೀರು ಬಂದಿತ್ತು, ಫೋಟೋ ಇದೆ.

ನಿಮ್ಮೂರ ಹತ್ತಿರದ ಕಾರ್ಖಾನೆ ಏನು ಮಾಡ್ತಿದೆ ಅಂತ ನೋಡೋದು ಕಷ್ಟ ಇಲ್ಲ. ಬೋರ್ಡ್ ಒಪ್ಪಿದ ಪ್ರಾಜೆಕ್ಟುಗಳನ್ನ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ವಾರ್ಷಿಕ ವರದಿಯಲ್ಲಿ ಸಿಎಸ್‌ಆರ್‌ಗೇ ಒಂದು ಅನುಬಂಧ ಇರುತ್ತೆ, ಸರ್ಕಾರದ ನ್ಯಾಷನಲ್ ಸಿಎಸ್‌ಆರ್ ಪೋರ್ಟಲ್‌ನಲ್ಲೂ ಮಾಹಿತಿ ಸಿಗುತ್ತೆ. ಆ ಪಟ್ಟಿ ಹಿಡಿದು ಶಾಲೆಗೆ ಹೋಗಿ 'ಇದು ಈಗಲೂ ನಡೀತಿದೆಯಾ' ಅಂತ ಕೇಳಿ ಬರೋದನ್ನೇ ಎಸ್‌ಸಿಆರ್ ರಿಪೋರ್ಟ್ ಮಾಡಬಹುದಾ ಅಂತ ನಮ್ಮ ಮೇಡಂ ಹತ್ತಿರ ಕೇಳಿದ್ದೀವಿ. ಮುಂದಿನ ಬ್ಯಾಚಿಗೆ ನೋಡೋಣ ಅಂದಿದ್ದಾರೆ.

ಅಂದಹಾಗೆ ನಮ್ಮ ಸಸಿಗಳು. ಏಪ್ರಿಲ್‌ನಲ್ಲಿ ಹೋಗಿ ನೋಡಿದ್ವಿ. ನಾಲ್ಕು ಒಣಗಿದ್ದವು. ಉಳಿದ ಎರಡು, ಬಿಸಿಯೂಟ ಆದ ಮೇಲೆ ಮಕ್ಕಳು ತಟ್ಟೆ ತೊಳೆಯೋ ನಲ್ಲಿ ಪಕ್ಕದವು.