ನೀರಿನೊಳಗಣ ಬೆಳ್ಳಿ

ನೀರಿಗೆ ಸಕ್ಕರೆ ಹಾಕಿದರೆ ಅದು ಕರಗಿ ಕಣ್ಮರೆಯಾಗುತ್ತದೆ. ಮರಳು ಹಾಕಿದರೆ ತಳಕ್ಕೆ ಇಳಿಯುತ್ತದೆ. ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದುಂಟು. ಅದರಲ್ಲಿ ಅತಿ ಸೂಕ್ಷ್ಮವಾದ ಕಣಗಳು ಕರಗದೆ, ಕೆಳಗೂ ಇಳಿಯದೆ, ದ್ರವದಲ್ಲಿ ಹರಡಿಕೊಂಡಿರುತ್ತವೆ. ಇಂತಹ ಮಿಶ್ರಣಕ್ಕೆ ಕಲಿಲವೆಂದು ಹೆಸರು. 1861ರಲ್ಲಿ ಥಾಮಸ್ ಗ್ರಹಾಂ ಎಂಬ ರಸಾಯನ ವಿಜ್ಞಾನಿ ಈ ವರ್ಗವನ್ನು ಗುರುತಿಸಿ ಹೆಸರಿಸಿದನು. ಹಾಲು ನಮಗೆಲ್ಲ ಪರಿಚಿತವಾದ ಕಲಿಲ. ಬೆಳ್ಳಿಯಂತಹ ಲೋಹವೂ ಈ ಸ್ಥಿತಿಯನ್ನು ತಾಳಬಲ್ಲುದು.

ಬೆಳ್ಳಿಯ ಕಲಿಲವನ್ನು ತಯಾರಿಸುವ ಕ್ರಮ ಸರಳವಾದುದು. ಬಟ್ಟಿ ಇಳಿಸಿದ ನೀರಿನಲ್ಲಿ ಶುದ್ಧ ಬೆಳ್ಳಿಯ ಎರಡು ತಂತಿಗಳನ್ನು ಒಂದಕ್ಕೊಂದು ತಗುಲದಂತೆ ಇಳಿಬಿಟ್ಟು ಬ್ಯಾಟರಿಗೆ ಜೋಡಿಸುತ್ತಾರೆ. ಧನಧ್ರುವಕ್ಕೆ ಸೇರಿದ ತಂತಿಯಿಂದ ಬೆಳ್ಳಿಯ ಅಯಾನುಗಳು ನೀರಿಗೆ ಬರುತ್ತವೆ. ಅವುಗಳಲ್ಲಿ ಕೆಲವು ಎಲೆಕ್ಟ್ರಾನುಗಳನ್ನು ಪಡೆದು ಲೋಹದ ಕಣಗಳಾಗುತ್ತವೆ. ಕತ್ತಲೆಯ ಕೋಣೆಯಲ್ಲಿ ಈ ನೀರಿನೊಳಗೆ ಕಿರಿದಾದ ಬೆಳಕನ್ನು ಹಾಯಿಸಿದರೆ, ಕಣಗಳು ಅದನ್ನು ಚದರಿಸುವುದರಿಂದ ಬೆಳಕಿನ ಹಾದಿಯು ಕಾಣುತ್ತದೆ. ಇದೇ ಟಿಂಡಾಲ್ ಪರಿಣಾಮ.

ಕಣಗಳಿವೆಯೆಂದು ತಿಳಿಯಿತು; ಆದರೆ ಬೆಳ್ಳಿ ಎಷ್ಟಿದೆ? ಮೈಕೇಲ್ ಫ್ಯಾರಡೆ 1834ರಲ್ಲಿ ಪ್ರಕಟಿಸಿದ ನಿಯಮವು ಇಲ್ಲಿ ನೆರವಾಗುತ್ತದೆ. ಒಂದು ಕೂಲಮ್ ವಿದ್ಯುತ್ತು 1.118 ಮಿಲಿಗ್ರಾಂ ಬೆಳ್ಳಿಯನ್ನು ಬಿಡಿಸಬಲ್ಲುದು. ಒಂದು ಮಿಲಿಆಂಪೇರ್ ಪ್ರವಾಹ ಒಂದು ಗಂಟೆ ಹರಿದರೆ 3.6 ಕೂಲಮ್ ಆಗುತ್ತದೆ. ಬಿಡುಗಡೆಯಾಗುವ ಬೆಳ್ಳಿ ಸುಮಾರು 4 ಮಿಲಿಗ್ರಾಂ. ನೀರು ಒಂದು ಲೀಟರಿದ್ದರೆ ಸಾಂದ್ರತೆಯು ಲೀಟರಿಗೆ 4 ಮಿಲಿಗ್ರಾಂ ಎಂದಾಗುತ್ತದೆ. ಆದರೆ ಇದು ಗರಿಷ್ಠ ಮಿತಿ ಮಾತ್ರ. ಸ್ವಲ್ಪ ಬೆಳ್ಳಿ ಎದುರಿನ ತಂತಿಗೆ ಅಂಟುತ್ತದೆ, ಸ್ವಲ್ಪ ತಳದಲ್ಲಿ ಕೂಡುತ್ತದೆ. ವಿದ್ಯುದ್ವಾಹಕತೆಯನ್ನು ಅಳೆಯುವ ಕೈಯಳತೆಯ ಉಪಕರಣವು ಅಯಾನುಗಳ ಸುಳಿವನ್ನು ಕೊಡುತ್ತದೆಯೇ ಹೊರತು ಲೋಹದ ಕಣಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲ ಬೆಳ್ಳಿಯನ್ನೂ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಪ್ರಯೋಗಾಲಯದ ಪರಮಾಣು ಹೀರಿಕೆ ರೋಹಿತಮಾಪಕದಿಂದ ಪರೀಕ್ಷಿಸಿದಾಗಲೇ ಒಟ್ಟು ಪ್ರಮಾಣ ತಿಳಿಯುವುದು.

ಈ ಎಚ್ಚರಿಕೆ ಏಕೆ? ಬೆಳ್ಳಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯುಂಟು. 1880ರಲ್ಲಿ ಜರ್ಮನಿಯ ವೈದ್ಯ ಕ್ರೆಡೆ ಸಿಲ್ವರ್ ನೈಟ್ರೇಟಿನ ಹನಿಗಳಿಂದ ನವಜಾತ ಶಿಶುಗಳ ಕಣ್ಣುಗಳನ್ನು ಸೋಂಕಿನಿಂದ ರಕ್ಷಿಸಿದನು. ಈ ಗುಣವನ್ನೇ ನಂಬಿ ಕೆಲವರು ಮನೆಯಲ್ಲಿ ಮಾಡಿದ ಬೆಳ್ಳಿಯ ನೀರನ್ನು ಕುಡಿಯುವುದುಂಟು. ಹೊರಗೆ ಹಚ್ಚಿದ ಮದ್ದಿನ ಗುಣ ಒಳಗೆ ಸೇವಿಸಿದಾಗಲೂ ದೊರೆಯುವುದೆಂಬ ನಿಯಮವಿಲ್ಲ. ದೇಹವನ್ನು ಸೇರಿದ ಬೆಳ್ಳಿಯಲ್ಲಿ ಒಂದಂಶ ಚರ್ಮದಲ್ಲಿ ಉಳಿದು, ಬೆಳಕಿಗೆ ಒಡ್ಡಿದಾಗ ಕಪ್ಪಾಗುತ್ತದೆ. ಚರ್ಮವು ನೀಲಿ ಬೆರೆತ ಬೂದುಬಣ್ಣಕ್ಕೆ ತಿರುಗುತ್ತದೆ. ಈ ಬಣ್ಣ ಸಾಮಾನ್ಯವಾಗಿ ಮರಳಿ ಹೋಗದು. ಬೆಳ್ಳಿಯ ಕಲಿಲವುಳ್ಳ ಔಷಧಿಗಳು ಸುರಕ್ಷಿತವೆಂದಾಗಲಿ ಗುಣಕಾರಿಯೆಂದಾಗಲಿ ಮನ್ನಣೆ ಪಡೆದಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿ ನಿರ್ಧರಿಸಿತು.

ಬೆಳ್ಳಿಯ ಕಲಿಲವು ಪ್ರಯೋಗಾಲಯದಲ್ಲಿ ನೋಡಿ ಕಲಿಯಲು ಯೋಗ್ಯವಾದ ವಸ್ತು, ಕುಡಿಯಲು ಅಲ್ಲ. ತಯಾರಿಸುವುದು ಸುಲಭವೆಂದ ಮಾತ್ರಕ್ಕೆ ಅಳೆಯುವುದು ಸುಲಭವಲ್ಲ. ಅಳೆದ ಮಾತ್ರಕ್ಕೆ ಅದು ಔಷಧವೂ ಆಗದು.